ಸ್ಟೀಲ್ ತಂತಿಯೋ, ಟೈಟೇನಿಯಂ ತಂತಿಯೋ? ಎಸ್‌ಪಿಎಂಇಗೆ ಮೂರು ಕೋಟಿಂಗ್‌ಗಳ ಹೋಲಿಕೆ

ನೀರಿನಲ್ಲಿ ಪಿಎಎಚ್‌ಗಳು (ಹಲವು ಬೆಂಜೀನ್ ಉಂಗುರಗಳು ಬೆಸೆದ ಹೈಡ್ರೋಕಾರ್ಬನ್‌ಗಳು) ಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿದ್ದರೆ ಜಿಸಿಗೆ, ಅಂದರೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ, ನೇರವಾಗಿ ಹಾಕಿ ಪ್ರಯೋಜನವಿಲ್ಲ, ಗ್ರಾಫಿನಲ್ಲಿ ಪೀಕೇ ಕಾಣುವುದಿಲ್ಲ. ಎಸ್‌ಪಿಎಂಇ (ಸಾಲಿಡ್ ಫೇಸ್ ಮೈಕ್ರೋಎಕ್ಸ್‌ಟ್ರಾಕ್ಷನ್) ಇರುವುದು ಇದಕ್ಕೇ. ಕೋಟಿಂಗ್ ಇರುವ ಫೈಬರನ್ನು ನೀರಿಗೆ ಇಳಿಬಿಟ್ಟು ಕಲಕಬೇಕು, ಅದು ಹಿಡಿದದ್ದನ್ನು ಆಮೇಲೆ ಜಿಸಿಯ ಇಂಜೆಕ್ಟರಿನ ಬಿಸಿಯಲ್ಲಿ ಬಿಡಿಸಬೇಕು. ದ್ರಾವಕದ ರಗಳೆ ಇಲ್ಲ. 1990ರಲ್ಲಿ ಆರ್ಥರ್ ಮತ್ತು ಪಾವ್ಲಿಶಿನ್ ಇದನ್ನು ಪ್ರಕಟಿಸಿದಾಗ ಬಳಸಿದ್ದು ಸಿಲಿಕಾ ಫೈಬರ್. ಸಿಲಿಕಾದ ತೊಂದರೆ ಗೊತ್ತೇ ಇದೆ: ಸ್ವಲ್ಪ ಓರೆಯಾದರೆ ಪಟ್ಟಂತ ಮುರಿಯುತ್ತದೆ. ಅದಕ್ಕೇ ಲೋಹದ ತಂತಿ ಹಿಡಿದು ಮೂರು ಬಗೆಯ ಕೋಟಿಂಗ್ ಮಾಡಿ ನೋಡಿದೆ.

ಮೊದಲನೆಯದು ಸ್ಟೀಲ್ ಮೇಲೆ ಸೋಲ್-ಜೆಲ್ ಪಿಡಿಎಂಎಸ್, ಅಂದರೆ ದ್ರವವಾಗಿ ಬಳಿದು ಜೆಲ್ ಆಗಿ ಗಟ್ಟಿಯಾಗಿಸಿದ ಸಿಲಿಕೋನ್ ಪಾಲಿಮರ್. ಸಿಲಿಕಾದ ಮೈಮೇಲೆ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ, ಕೋಟಿಂಗ್ ಅವಕ್ಕೆ ಬೆಸೆದುಕೊಳ್ಳುತ್ತದೆ. ನುಣುಪಾದ ಸ್ಟೀಲಿನಲ್ಲಿ ಹಿಡಿದುಕೊಳ್ಳಲು ಏನಿದೆ? ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿ ಒರಟು ಮಾಡಿಕೊಂಡೆ. (ಫ್ಯೂಮ್ ಹುಡ್, ಸರಿಯಾದ ಕೈಗವಸು, ಪಕ್ಕದಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಆ ಬಾಟಲಿ ಮುಟ್ಟಲೇಬೇಡಿ.) ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಇಂಜೆಕ್ಟರಿನ 250 ಡಿಗ್ರಿಗೆ ಹೋಗಿ ಬಂದು ಹೋಗಿ ಬಂದು, ತುದಿಯಲ್ಲಿ ಹಳೇ ಸುಣ್ಣದ ಗೋಡೆಯ ಹಾಗೆ ಹಕ್ಕಳೆ ಏಳತೊಡಗಿತು.

ಎರಡನೆಯದು ಸ್ಟೀಲ್ ಮೇಲೆ ಪಾಲಿಅನಿಲಿನ್ ಎಂಬ ವಿದ್ಯುತ್ ಹರಿಸುವ ಪಾಲಿಮರ್. ಮಾಡುವುದು ಸುಲಭ. ಸಲ್ಫ್ಯೂರಿಕ್ ಆಮ್ಲದಲ್ಲಿ ಅನಿಲಿನ್ ಬೆರೆಸಿ, ವೋಲ್ಟೇಜನ್ನು ಮೇಲೆ ಕೆಳಗೆ ಓಡಿಸಿದರೆ ಕಣ್ಣೆದುರೇ ಹಸಿರು ಪೊರೆ ಕಟ್ಟುತ್ತದೆ. ಫಿನಾಂತ್ರೀನ್, ಪೈರೀನ್ ಎಂಬ ಪಿಎಎಚ್‌ಗಳ ಪೀಕ್‌ಗಳು ಮೂರರಲ್ಲೂ ಇದರದ್ದೇ ಎತ್ತರ. ಆದರೆ ಮುಂದಿನ ಬ್ಲಾಂಕ್‌ನಲ್ಲೂ (ಸ್ಯಾಂಪಲ್ ಇಲ್ಲದ ಖಾಲಿ ಓಟದಲ್ಲೂ) ಪೈರೀನ್ ಇಣುಕುತ್ತದೆ. ಬಿಸಿ ಜಾಸ್ತಿ ಮಾಡಿ ಓಡಿಸೋಣ ಅಂದರೆ ಪೊರೆಗೇ ಕುತ್ತು.

ನನಗೆ ಹಿಡಿಸಿದ್ದು ಮೂರನೆಯದು, ಟೈಟೇನಿಯಂ. ಇಲ್ಲಿ ಕೋಟಿಂಗ್ ಬಳಿಯುವುದೇ ಇಲ್ಲ, ತಂತಿಯಿಂದಲೇ ಬೆಳೆಸುವುದು. ಎಥಿಲೀನ್ ಗ್ಲೈಕಾಲ್, ಅಮೋನಿಯಂ ಫ್ಲೋರೈಡ್, ಚೂರು ನೀರು. ಅದರಲ್ಲಿ ತಂತಿಯನ್ನು ಆನೋಡ್ ಮಾಡಿದರೆ ಮೈತುಂಬಾ ಆಕ್ಸೈಡಿನ ನ್ಯಾನೊ ಕೊಳವೆಗಳು ಏಳುತ್ತವೆ. ವೋಲ್ಟೇಜ್ ಏರಿಸಿದಷ್ಟೂ ಕೊಳವೆಯ ಬಾಯಿ ಅಗಲ. ಜಾಸ್ತಿ ಹೊತ್ತು ಬಿಟ್ಟರೆ ಮಾತ್ರ ಮೇಲೆ ಹುಲ್ಲಿನಂಥ ಕಸ ಬಿದ್ದು ಬಾಯಿ ಮುಚ್ಚಿಕೊಳ್ಳುತ್ತದೆ, ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಉದುರಿಸಬೇಕು. ನಂತರ 450 ಡಿಗ್ರಿಯಲ್ಲಿ ಸುಟ್ಟರೆ ಆಕ್ಸೈಡು ಅನಟೇಸ್ ಎಂಬ ಹರಳಿನ ರೂಪಕ್ಕೆ ಬರುತ್ತದೆ.

ಹಾಗೇ ಬಳಸಿದರೆ ಸಪ್ಪೆ. ಈ ಆಕ್ಸೈಡಿಗೆ ನೀರು ಇಷ್ಟ, ಪಿಎಎಚ್‌ಗಳಿಗೆ ನೀರು ಕಷ್ಟ. ನೀರನ್ನು ದೂರವಿಡುವ ಉದ್ದ ಕಾರ್ಬನ್ ಸರಪಳಿಯ ಆಕ್ಟಾಡೆಸಿಲ್ ಸೈಲೇನ್‌ನಲ್ಲಿ ಅದ್ದಿ ಒಣಗಿಸಿದ ಮೇಲೆ ನೀರಿನ ಹನಿ ತಂತಿಗೆ ಅಂಟದೆ ಮುತ್ತಾಗಿ ನಿಲ್ಲುತ್ತದೆ. ಆಗ ಪೀಕ್‌ಗಳೂ ಏಳುತ್ತವೆ. ಪಾಲಿಅನಿಲಿನ್‌ನಷ್ಟು ಎತ್ತರವಿಲ್ಲ, ನಿಜ. ಆದರೆ ಬ್ಲಾಂಕ್ ಸ್ವಚ್ಛ. ಲೆನ್ಸ್ ಹಿಡಿದು ನೋಡಿದರೂ ಅಂಚು ಹಾಗೇ ಇದೆ. ಬಿಸಿಗೆ ಸ್ಟೀಲ್ ಹಿಗ್ಗುವುದರಲ್ಲಿ ಟೈಟೇನಿಯಂ ಹಿಗ್ಗುವುದು ಸುಮಾರು ಅರ್ಧದಷ್ಟೇ, ಅದೂ ಇದಕ್ಕೆ ಅನುಕೂಲ ಅಲ್ವಾ?

ಹಾಗಂತ ಸೋಲ್-ಜೆಲ್ ಫೈಬರನ್ನು ಬಿಸಾಡಿಲ್ಲ. ಬೆಂಜೀನ್, ಟಾಲ್ವೀನ್ ಥರದವನ್ನು ನೀರಿನ ಮೇಲಿನ ಗಾಳಿಯಿಂದಲೇ ಹಿಡಿಯಬಹುದು, ಫೈಬರ್ ಒದ್ದೆಯಾಗುವುದಿಲ್ಲ. ಪಾಲಿಅನಿಲಿನ್ ಪಿಎಎಚ್ ಇದೆಯೋ ಇಲ್ಲವೋ ಅಂತ ಸುಮ್ನೆ ನೋಡಲು ಸಾಕು. ಅಂಕಿ ಬರೆದು ಕೊಡಬೇಕಾದ ಸ್ಯಾಂಪಲ್ ಬಂದರೆ ಟೈಟೇನಿಯಂ ತಂತಿಯನ್ನೇ ತೆಗೆದುಕೊಳ್ಳುತ್ತೇನೆ.