ವಿಶ್ವವಿದ್ಯಾಲಯಗಳ ಸಂಶೋಧನಾ ಭಂಡಾರ: ವಿಭಾಗದ ಬಾಗಿಲು ಬಿಡಿ, ಹೆಸರು ಹಿಡಿದು ಹೋಗಿ

ಒಂದು ವಿಶ್ವವಿದ್ಯಾಲಯದಲ್ಲಿ ಎಷ್ಟು ಬಗೆಯ ವಿಜ್ಞಾನ ನಡೆಯುತ್ತಿದೆ ಅಂತ ತಿಳಿಯಬೇಕಾ? ಅದರ ಮುಖಪುಟ ನೋಡಬೇಡಿ. ಅಲ್ಲಿ ಇರುವುದು ಪ್ರಶಸ್ತಿ ಬಂದವರ ಫೋಟೋ, ರ‍್ಯಾಂಕಿಂಗ್ ಸಂಖ್ಯೆ, ಹುಲ್ಲಿನ ಮೇಲೆ ಕೂತು ನಗುವ ವಿದ್ಯಾರ್ಥಿಗಳು. ಗ್ರಂಥಾಲಯದ ಪುಟಕ್ಕೆ ಹೋಗಿ. ಅಲ್ಲೆಲ್ಲೋ ಮೂಲೆಯಲ್ಲಿ ‘ರೆಪಾಸಿಟರಿ’ ಅಂತ ಒಂದು ಕೊಂಡಿ ಇರುತ್ತದೆ. ಅಲ್ಲಿನ ಅಧ್ಯಾಪಕರ ಪೇಪರ್, ವಿದ್ಯಾರ್ಥಿಗಳ ಥೀಸಿಸ್, ಕೆಲವು ಕಡೆ ಪ್ರಯೋಗದ ಕಚ್ಚಾ ಡೇಟಾ ಕೂಡ ಅದರೊಳಗೆ ಸಿಗುತ್ತದೆ. ಓದಲು ಲಾಗಿನ್ ಬೇಡ, ದುಡ್ಡು ಬೇಡ.

ನಾನು ವಿಜ್ಞಾನಿ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಪಠ್ಯಪುಸ್ತಕಕ್ಕೆ ಮೀರಿದ ಪ್ರಶ್ನೆ ಬಂದಾಗ ಈ ಭಂಡಾರಗಳನ್ನು ಕೆದಕುವುದು ರೂಢಿ. ಪ್ರಶ್ನೆ ಇಲ್ಲದಿದ್ದರೂ ಸುಮ್ನೆ ಕೆದಕುತ್ತೇನೆ. ಹಾಗಾಗಿ ಇದು ಬಳಕೆದಾರಳ ವಿಮರ್ಶೆ, ತಜ್ಞರದ್ದಲ್ಲ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಮೊದಲು ‘ಹೊಸದಾಗಿ ಸೇರಿದವು’ ಅನ್ನುವ ಪಟ್ಟಿ ತೆರೆಯಿರಿ. ನನಗೆ ಇದೇ ಈ ಸೇವೆಯ ಜೀವಾಳ. ಕಾಂಕ್ರೀಟ್ ಬಿರುಕು ಬಿಡುವ ಬಗೆ, ಅದರ ಕೆಳಗೆ ಜೇನುನೊಣದ ಕರುಳಿನ ಬ್ಯಾಕ್ಟೀರಿಯಾ, ಅದರ ಕೆಳಗೆ ಗುರುತ್ವ ಅಲೆ, ಆಮೇಲೆ ಹದಿಹರೆಯದವರ ನಿದ್ದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಯಾರೂ ಇವನ್ನು ನಿಮಗೆ ತೋರಿಸಬೇಕು ಅಂತ ಆರಿಸಿ ಇಟ್ಟದ್ದಲ್ಲ, ಬಂದ ಕ್ರಮದಲ್ಲಿ ಬಿದ್ದಿವೆ ಅಷ್ಟೇ. ಸುದ್ದಿ ವಿಭಾಗದವರು ಇದನ್ನೆಲ್ಲ ಸೋಸಿ, ನಾಲ್ಕು ‘ಮಹತ್ವದ ಸಾಧನೆ’ ಮಾಡಿ ಕೊಡುತ್ತಾರೆ. ಸೋಸುವ ಮೊದಲಿನದ್ದು ನೋಡಿದರೇ ಹರವು ಗೊತ್ತಾಗುವುದು.

ನಾಲ್ಕಾರು ವಿಶ್ವವಿದ್ಯಾಲಯಗಳ ಭಂಡಾರ ನೋಡಿದರೆ ಎಲ್ಲವೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅದಕ್ಕೆ ಕಾರಣ ಇದೆ. ಬಹಳ ಕಡೆ ಒಳಗಿರುವ ಸಾಫ್ಟ್‌ವೇರ್ ಒಂದೇ. 2000ದಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದಿಂದ ಇಪ್ರಿಂಟ್ಸ್ ಬಂತು. 2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಎಚ್‌ಪಿ ಕಂಪನಿಯ ಲ್ಯಾಬ್ಸ್ ಸೇರಿ ಮಾಡಿದ ಡಿಸ್ಪೇಸ್ ಬಂತು. ಎರಡೂ ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಒಂದನ್ನು ಬಳಸಲು ಕಲಿತರೆ ಉಳಿದವೂ ಹೆಚ್ಚುಕಡಿಮೆ ಬಂದಂತೆಯೇ.

ಈಗ ಒಂದು ನಕ್ಷತ್ರದ ಕಥೆ. ಈ ಭಂಡಾರಗಳು ಮಾಲನ್ನು ಜೋಡಿಸಿ ಇಡುವುದು ವಿಭಾಗದ ಪ್ರಕಾರ. ಭೌತಶಾಸ್ತ್ರ, ಸಿವಿಲ್, ಪ್ರಾಣಿಶಾಸ್ತ್ರ, ಹೀಗೆ. ಯಾರ ಕಚೇರಿ ಯಾವ ಕಟ್ಟಡದಲ್ಲಿದೆ ಅಂತ ತಿಳಿಯಲು ಇದು ಸರಿ. ಆದರೆ ಯಾರ ತಲೆಯಲ್ಲಿ ಏನಿತ್ತು ಅಂತ ಇದರಿಂದ ಗೊತ್ತಾಗುವುದಿಲ್ಲ.

ಎಂಐಟಿಯ ಭಂಡಾರದಲ್ಲೇ ಒಂದು ಉದಾಹರಣೆ ಇದೆ. ಮುಂದೆ ಮಾಹಿತಿ ಸಿದ್ಧಾಂತಕ್ಕೆ ಹೆಸರಾದ ಕ್ಲಾಡ್ ಶಾನನ್ 1937ರಲ್ಲಿ ಬರೆದ ಮಾಸ್ಟರ್ಸ್ ಥೀಸಿಸ್ ಅಲ್ಲಿದೆ. ವಿಭಾಗ ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ವಿಷಯ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ಮತ್ತು ಸ್ವಿಚ್. ತೆರೆದು ನೋಡಿದರೆ ಒಳಗಿರುವುದು ಜಾರ್ಜ್ ಬೂಲ್‌ನ ತರ್ಕ! ಹತ್ತೊಂಬತ್ತನೇ ಶತಮಾನದಲ್ಲಿ ಮನುಷ್ಯರ ಯೋಚನೆಯ ನಿಯಮ ಬರೆಯಲು ಬೂಲ್ ಕಟ್ಟಿದ ಬೀಜಗಣಿತ ಅದು. ಶಾನನ್ ಅದನ್ನು ತಂತಿ ಮತ್ತು ಸ್ವಿಚ್ಚಿಗೆ ಕೂರಿಸಿದರು. ಕೊನೆಗೆ ಬರುವ ಉದಾಹರಣೆಗಳಲ್ಲಿ ಸರಿಯಾದ ಸಂಕೇತ ಒತ್ತಿದರೆ ತೆರೆಯುವ ವಿದ್ಯುತ್ ಬೀಗ ಒಂದು. ಸೊನ್ನೆ ಮತ್ತು ಒಂದು ಎರಡೇ ಅಂಕಿಗಳಲ್ಲಿ ಕೂಡುವ ಯಂತ್ರ ಇನ್ನೊಂದು. ಹತ್ತನೇ ಕ್ಲಾಸಿನ ಮಕ್ಕಳಿಗೆ ನಾನು ಆ ಕೂಡುವ ಯಂತ್ರದ ಚಿತ್ರ ತೋರಿಸುತ್ತೇನೆ. ಸರ್ಕ್ಯೂಟ್ ಗೊತ್ತಿದ್ದರೆ ಸಾಕು, ಅರ್ಥ ಆಗುತ್ತದೆ.

ಈಗ ವಿಭಾಗದ ಪಟ್ಟಿಗೆ ವಾಪಸ್ ಹೋಗಬೇಡಿ. ಶಾನನ್ ಹೆಸರಿನ ಮೇಲೆ ಒತ್ತಿ. ಅವರ 1940ರ ಪಿಎಚ್‌ಡಿ ಥೀಸಿಸ್ ಸಿಗುತ್ತದೆ. ಈ ಸಲ ಗಣಿತ ವಿಭಾಗ. ವಿಷಯ ಏನು ಗೊತ್ತಾ? ತಳಿವಿಜ್ಞಾನ! ತಲೆಮಾರಿಂದ ತಲೆಮಾರಿಗೆ ಜೀನ್‌ಗಳು ಹೇಗೆ ಹರಡುತ್ತವೆ ಅನ್ನುವುದಕ್ಕೆ ಒಂದು ಬೀಜಗಣಿತ. ಇದನ್ನು ಅವರು ಆಗ ಯಾವ ಜರ್ನಲ್ಲಿಗೂ ಕಳಿಸಿ ಪ್ರಕಟಿಸಲಿಲ್ಲ. ಹಾಗಾಗಿ ದಶಕಗಟ್ಟಲೆ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಇವತ್ತು ನಾನೂ ನೀವೂ ಅದನ್ನು ಸುಮ್ಮನೆ ಕೂತಲ್ಲೇ ಓದಬಹುದು.

ಇನ್ನೊಂದು ಹೆಜ್ಜೆ. ಶಾನನ್ ಆಮೇಲೆ ಅಲ್ಲೇ ಪ್ರಾಧ್ಯಾಪಕರಾದರು. ಅವರ ಮಾರ್ಗದರ್ಶನದಲ್ಲಿ 1963ರಲ್ಲಿ ಐವನ್ ಸದರ್ಲ್ಯಾಂಡ್ ಕೊಟ್ಟ ಥೀಸಿಸ್ ಸ್ಕೆಚ್‌ಪ್ಯಾಡ್. ಬೆಳಕಿನ ಪೆನ್ನು ಹಿಡಿದು ಕಂಪ್ಯೂಟರ್ ಪರದೆಯ ಮೇಲೆ ನೇರವಾಗಿ ಚಿತ್ರ ಬರೆಯುವ ಪ್ರೋಗ್ರಾಮ್ ಅದು. ಅದೂ ಅದೇ ಭಂಡಾರದಲ್ಲಿದೆ. ರಿಲೇ, ಜೀನ್, ಪರದೆಯ ಚಿತ್ರ. ಮೂರನ್ನೂ ಪೋಣಿಸುವುದು ಒಬ್ಬರ ಹೆಸರು. ವಿಭಾಗದ ಬಾಗಿಲಿಂದ ಹೋಗಿದ್ದರೆ ಈ ನಂಟು ಕಾಣುತ್ತಲೇ ಇರಲಿಲ್ಲ, ಅಲ್ವಾ? ಅದಕ್ಕೇ ನನ್ನ ಸಲಹೆ: ಹೆಸರು ಅಥವಾ ತಾರೀಕು ಹಿಡಿದು ಒಳಗೆ ಹೋಗಿ.

ಹಳೆಯ ಥೀಸಿಸ್‌ಗಳಿಗೆ ಬೇರೆಯದೇ ಸೊಗಸು ಇದೆ. ಸ್ಟೀಫನ್ ಹಾಕಿಂಗ್ ಅವರ 1966ರ ಥೀಸಿಸ್ಸನ್ನು ಕೇಂಬ್ರಿಜ್ 2017ರ ಅಕ್ಟೋಬರ್‌ನಲ್ಲಿ ತನ್ನ ಅಪೋಲೋ ಭಂಡಾರದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಜನ ಹೇಗೆ ಮುಗಿಬಿದ್ದರು ಅಂದರೆ ಆ ದಿನ ತಾಣವೇ ಕುಸಿಯಿತು. ಟೈಪ್ ಮಾಡಿದ ಹಾಳೆಗಳು. ಸಮೀಕರಣಗಳನ್ನು ಮಾತ್ರ ನಡುನಡುವೆ ಕೈಯಲ್ಲಿ ಬರೆದು ತುಂಬಿಸಿದ್ದಾರೆ. ಮೊದಲ ಅಧ್ಯಾಯದಲ್ಲೇ ಖಗೋಳವಿಜ್ಞಾನಿ ಹಾಯ್ಲ್ ಮತ್ತು ನಮ್ಮ ಜಯಂತ ನಾರ್ಳೀಕರ್ ಅವರ ಗುರುತ್ವ ಸಿದ್ಧಾಂತದ ಮೇಲೆ ಟೀಕೆ ಇದೆ. ಗಣಿತ ನನಗೆ ಪೂರ್ತಿ ಹಿಡಿಯಲಿಲ್ಲ, ಆದರೆ ವಾದ ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯುತ್ತದೆ.

ಪೇಪರ್‌ಗಿಂತ ಥೀಸಿಸ್ ಓದಿ ಅಂತಲೇ ನಾನು ಹೇಳುವುದು. ಪೇಪರ್ ಬರೆಯುವವರಿಗೆ ಜಾಗ ಕಡಿಮೆ. ಥೀಸಿಸ್ಸಿನ ಮೊದಲ ಅಧ್ಯಾಯದಲ್ಲಿ ಆ ವಿಷಯದಲ್ಲಿ ಇಲ್ಲಿಯವರೆಗೆ ಯಾರು ಏನು ಮಾಡಿದರು ಅಂತ ಬಿಡಿಸಿ ಹೇಳಿರುತ್ತಾರೆ. ಹೊರಗಿನವರಿಗೆ ಅದಕ್ಕಿಂತ ಒಳ್ಳೆಯ ಪರಿಚಯ ಸಿಗುವುದು ಕಷ್ಟ. ಕೊನೆಯ ಅನುಬಂಧಗಳಲ್ಲಿ ಕೆಲಸ ಮಾಡದ ಪ್ರಯೋಗಗಳೂ ಇರುತ್ತವೆ. ಜರ್ನಲ್ಲಿನಲ್ಲಿ ಅವಕ್ಕೆ ಜಾಗ ಇಲ್ಲ.

ಕಿರಿಕಿರಿಗಳು ಇಲ್ಲದೇ ಇಲ್ಲ. ಒಂದು ಭಂಡಾರದಲ್ಲಿ, ಹೆಸರು ಬೇಡ, ಶೀರ್ಷಿಕೆ ಇದೆ, ಸಾರಾಂಶ ಇದೆ, ಫೈಲ್ ಮಾತ್ರ ಇಲ್ಲ. ಪ್ರಕಾಶಕರು ಹಾಕಿದ ತಡೆ ಇದ್ದರೆ ಕಾಯಬೇಕು. ಆರು ತಿಂಗಳಾಗಬಹುದು, ಒಂದು ವರ್ಷವೂ ಆಗಬಹುದು. ಫೈಲ್ ಇದ್ದರೂ ಅದು ಜರ್ನಲ್ಲಿನ ಅಚ್ಚುಕಟ್ಟು ಪುಟ ಆಗಿರುವುದಿಲ್ಲ, ಲೇಖಕರು ಕೊಟ್ಟ ಕೊನೆಯ ಹಸ್ತಪ್ರತಿ ಆಗಿರುತ್ತದೆ. ಚಿತ್ರಗಳೆಲ್ಲ ಕೊನೆಯಲ್ಲಿ! ‘ಚಿತ್ರ 3 ನೋಡಿ’ ಅಂದಾಗಲೆಲ್ಲ ಕೆಳಗೆ ಇಳಿ, ಮತ್ತೆ ಮೇಲೆ ಹತ್ತು. ವಿಷಯ ಮಾತ್ರ ಅದೇ, ಅದಕ್ಕೆ ಸಹಿಸಿಕೊಳ್ಳುತ್ತೇನೆ.

ಇನ್ನೊಂದು ಎಚ್ಚರಿಕೆ. ಯಾವ ವಿಭಾಗದಲ್ಲಿ ಎಷ್ಟು ಪೇಪರ್ ಇದೆ ಅಂತ ಎಣಿಸಿ, ಇಲ್ಲಿ ಭೌತಶಾಸ್ತ್ರ ದುರ್ಬಲ ಅಂತ ತೀರ್ಪು ಕೊಡಬೇಡಿ. ಭೌತಶಾಸ್ತ್ರ, ಗಣಿತದವರು 1991ರಲ್ಲಿ ಶುರುವಾದ, ಪೇಪರ್‌ಗಳನ್ನು ಉಚಿತವಾಗಿ ಹಂಚುವ ಆರ್ಕೈವ್ (arXiv) ತಾಣಕ್ಕೆ ಹಾಕಿ ರೂಢಿ ಆದವರು. ತಮ್ಮದೇ ವಿಶ್ವವಿದ್ಯಾಲಯದ ಭಂಡಾರಕ್ಕೆ ಮತ್ತೆ ಹಾಕಲು ಹಲವರಿಗೆ ಬೇಜಾರು. ಭಂಡಾರಕ್ಕೆ ಕೊಡಬೇಕು ಅನ್ನುವ ನಿಯಮ ಇದ್ದ ಕಡೆ ಪರಿಸ್ಥಿತಿ ಪರವಾಗಿಲ್ಲ. ಹಾರ್ವರ್ಡ್‌ನ ಕಲೆ ಮತ್ತು ವಿಜ್ಞಾನ ವಿಭಾಗದ ಅಧ್ಯಾಪಕರು 2008ರಲ್ಲಿ ತಾವೇ ಮತ ಹಾಕಿ, ತಮ್ಮ ಲೇಖನಗಳನ್ನು ಹಂಚುವ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಅಂಥ ಕಡೆ ಭಂಡಾರ ತುಂಬುತ್ತದೆ. ಇಲ್ಲದ ಕಡೆ ಯಾರಿಗೆ ಉತ್ಸಾಹ ಇದೆಯೋ ಅವರದ್ದು ಮಾತ್ರ ಇರುತ್ತದೆ.

ಹಳೆಯ ಸ್ಕ್ಯಾನ್‌ಗಳನ್ನು ಫೋನಿನಲ್ಲಿ ತೆರೆಯುವ ಸಾಹಸ ಬೇಡ. ಫೈಲ್ ದೊಡ್ಡದು, ಕೆಲವಂತೂ ಬರೀ ಚಿತ್ರ, ಒಳಗೆ ಪದ ಹುಡುಕಲು ಆಗುವುದಿಲ್ಲ. ಫೈಲ್ ಇಲ್ಲದ ದಾಖಲೆಯ ಪಕ್ಕ ‘ಪ್ರತಿ ಕೇಳಿ’ ಅನ್ನುವ ಗುಂಡಿ ಇದ್ದರೆ ಸಂಕೋಚ ಇಲ್ಲದೆ ಒತ್ತಿ. ಕೋರಿಕೆ ಲೇಖಕರಿಗೆ ಹೋಗುತ್ತದೆ. ಶಾಲೆ ಮೇಷ್ಟ್ರು ಅಂತ ಒಂದು ಸಾಲು ಸೇರಿಸಿದರೆ ಕೆಲವರು ಫೈಲ್ ಜೊತೆ ಯಾವ ಅಧ್ಯಾಯ ಮೊದಲು ಓದಬೇಕು ಅಂತಲೂ ಬರೆದು ಕಳಿಸುತ್ತಾರೆ.