ಕೆಮ್ಮಿದರೆ ಮೂತ್ರ ಜಾರುತ್ತದೆಯೇ? ಟೇಪ್, ಹೊಲಿಗೆ, ಇಂಜೆಕ್ಷನ್: ಯಾವುದು ಯಾರಿಗೆ

ಸೀನಿದಾಗ, ಬಿಂದಿಗೆ ಎತ್ತಿದಾಗ ಮೂತ್ರ ಜಾರುತ್ತಿದ್ದರೆ ಮೊದಲು ಮೂರು ತಿಂಗಳು ಕೆಗೆಲ್ ವ್ಯಾಯಾಮ (ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವುದು) ಮಾಡಿ ನೋಡಿ. ಅದು ಸಾಲದಿದ್ದರೆ ಆಪರೇಷನ್ ಮಾತು.

ಹೆಚ್ಚು ಹೆಸರಾದದ್ದು ಟೇಪ್. ಪ್ಲಾಸ್ಟಿಕ್ ಬಲೆಯ ಪಟ್ಟಿಯೊಂದು ಮೂತ್ರನಾಳವನ್ನು ಕೆಳಗಿನಿಂದ ಜೋಲಿಯಂತೆ ಹಿಡಿದುಕೊಳ್ಳುತ್ತದೆ. ಗಾಯ ಚಿಕ್ಕದು, ಬೇಗ ಮನೆಗೆ ಹೋಗಬಹುದು. ಆದರೆ ಬಲೆ ಜೀವನಪೂರ್ತಿ ಒಳಗೇ ಇರುತ್ತದೆ, ಅಲ್ವಾ? ಕೆಲವರಲ್ಲಿ ಅದು ಯೋನಿಯ ಗೋಡೆ ಕೊರೆದು ಹೊರಬರುತ್ತದೆ, ನೋವು ನಿಲ್ಲುವುದಿಲ್ಲ. ಆಗ ಪೂರ್ತಿ ತೆಗೆಯುವುದು ಬಲು ಕಷ್ಟ. ಇಂಥ ದೂರುಗಳಿಂದಲೇ 2018ರಲ್ಲಿ ಇಂಗ್ಲೆಂಡ್ ಇದರ ಬಳಕೆಗೆ ತಡೆ ಹಾಕಿತು.

ಬಲೆ ಬೇಡ ಎನ್ನುವವರಿಗೆ ಎರಡು ದಾರಿ. ಹೊಟ್ಟೆಯ ಸ್ನಾಯುವಿನ ಮೇಲಿನ ಗಟ್ಟಿ ಪೊರೆಯಿಂದಲೇ ಪಟ್ಟಿ ಮಾಡುವುದು ಒಂದು. 1961ರಿಂದ ಇರುವ ಬರ್ಚ್ ಹೊಲಿಗೆ ಇನ್ನೊಂದು; ಇದರಲ್ಲಿ ಮೂತ್ರಕೋಶದ ಕುತ್ತಿಗೆಯ ಪಕ್ಕದ ಯೋನಿಗೋಡೆಯನ್ನು ಮೇಲೆತ್ತಿ ಹೊಲಿದು ಹಿಡಿಸುತ್ತಾರೆ. 2007ರ ಅಮೆರಿಕದ ಅಧ್ಯಯನದಲ್ಲಿ ಸೋರಿಕೆ ನಿಲ್ಲಿಸುವುದರಲ್ಲಿ ಪೊರೆಯ ಪಟ್ಟಿಯೇ ಮುಂದಿತ್ತು. ಆದರೆ ಮೂತ್ರ ಕಟ್ಟುವ ತೊಂದರೆ, ಸೋಂಕು ಅದರಲ್ಲೇ ಜಾಸ್ತಿ. ಎರಡರಲ್ಲೂ ಚೇತರಿಕೆ ನಿಧಾನ.

ಮೂತ್ರನಾಳದ ಗೋಡೆಯನ್ನು ದಪ್ಪಗಾಗಿಸುವ ಇಂಜೆಕ್ಷನ್ ಹಗುರ, ಅದರ ಗುಣವೂ ಹಗುರವೇ. ಕ್ರಮೇಣ ಪರಿಣಾಮ ಇಳಿಯುತ್ತದೆ, ಮತ್ತೆ ಹಾಕಿಸಬೇಕಾಗಬಹುದು. ವಯಸ್ಸಾದವರಿಗೆ, ಅರಿವಳಿಕೆ ತಡೆಯದವರಿಗೆ ನಾನು ಇದನ್ನೇ ಹೇಳುತ್ತೇನೆ.

ಇನ್ನೂ ಮಕ್ಕಳು ಬೇಕೆನ್ನುವವರು ಸಾಮಾನ್ಯವಾಗಿ ಆಪರೇಷನ್ ಮುಂದೂಡುವುದೇ ವಾಸಿ. ಟೇಪ್ ಎಂದು ತೀರ್ಮಾನಿಸಿದರೆ, ತೊಂದರೆ ಬಂದಾಗ ತೆಗೆಯುವವರು ಯಾರು ಎಂದು ಡಾಕ್ಟರನ್ನು ಮೊದಲೇ ಕೇಳಿ.