ರಿಕಂಬೆಂಟ್ ಟ್ರೈಕಿಗೆ ಟ್ಯಾಂಡಮ್ ಉದ್ದದ ಗೇರ್ ವಯರ್: ಬದಿಯಡ್ಕದಲ್ಲಿ ಒಂದು ಮಳೆಗಾಲ ಓಡ್ಸಿದ ಮೇಲೆ

ಜಾಗ್‌ವೈರ್ ಕಂಪನಿಯ ಟ್ಯಾಂಡಮ್ (ಇಬ್ಬರು ತುಳಿಯುವ ಸೈಕಲ್) ಉದ್ದದ ಸ್ಟೇನ್‌ಲೆಸ್ ಗೇರ್ ವಯರ್, 3100 ಮಿ.ಮೀ. ಉದ್ದ, 1.1 ಮಿ.ಮೀ. ದಪ್ಪ. ಜೊತೆಗೆ 4 ಮಿ.ಮೀ. ಗೇರ್ ಔಟರ್ (ವಯರಿನ ಮೇಲಿನ ಕವಚ), ಅದರ ತುದಿಗೆ ಹಾಕುವ, ಒಳಗೆ ರಬ್ಬರ್ ಸೀಲ್ ಇರುವ ಕ್ಯಾಪ್‌ಗಳು, ಮತ್ತೆ ಒಂದು ಸರಿಯಾದ ಕೇಬಲ್ ಕಟ್ಟರ್. ಇಷ್ಟು ತರಿಸಿ ಮನೆ ಜಗಲಿಯಲ್ಲೇ ಕೂತು ಹಿಂದಿನ ಗೇರಿನ ವಯರ್ ಬದಲಿಸಿ, ಇಡೀ ಮಳೆಗಾಲ ಓಡ್ಸಿ ಆಯ್ತು, ಈಗ ಬರೀತಾ ಇದ್ದೇನೆ. ಮೊದಲೇ ಹೇಳಿಬಿಡ್ತೇನೆ, ವಯರ್ ತುಂಬಾ ಒಳ್ಳೇದುಂಟು, ಆದ್ರೆ ಟ್ರೈಕಿನಲ್ಲಿ ಗೇರ್ ಸರಿ ಬೀಳುದು ಬಿಡುದು ಇರುವುದು ಔಟರಿನಲ್ಲಿ ಮತ್ತು ಅದನ್ನು ಕತ್ತರಿಸುವ ರೀತಿಯಲ್ಲಿ, ದುಡ್ಡು ಹಾಕುದಾದ್ರೆ ಮೊದಲು ಅಲ್ಲಿಗೆ ಹಾಕಿ.

ಟ್ರೈಕ್ ಅಂದ್ರೆ ಮುಂದೆ ಎರಡು ಚಕ್ರ, ಹಿಂದೆ ಒಂದು, ಒರಗಿ ಕೂತು ಕಾಲು ಮುಂದೆ ಚಾಚಿ ತುಳಿಯುದು. ಸೊಂಟನೋವು ಇದ್ದವರಿಗೆ, ಬ್ಯಾಲೆನ್ಸ್ ಕಷ್ಟ ಇದ್ದವರಿಗೆ ಇದರಷ್ಟು ಒಳ್ಳೇ ಗಾಡಿ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. 1933ರಲ್ಲಿ ಫ್ರಾನ್ಸಿಸ್ ಫೋರ್ ಅನ್ನುವವರು ಇಂಥ ಒರಗುವ ಸೈಕಲ್ಲಿನಲ್ಲಿ ಒಂದು ಗಂಟೆಯಲ್ಲಿ 45 ಕಿ.ಮೀ. ದಾಟಿ ದಾಖಲೆ ಮಾಡಿದ್ರು, ಮರುವರ್ಷವೇ ಯುಸಿಐ, ಅಂದ್ರೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಇದನ್ನು ರೇಸಿನಿಂದ ಹೊರಗೆ ಹಾಕಿತು. ರೇಸ್ ಇಲ್ಲದ ಮೇಲೆ ದೊಡ್ಡ ಕಂಪನಿಗಳೂ ಈ ಕಡೆ ತಿರುಗಿ ನೋಡ್ಲಿಲ್ಲ, ಹಾಗಾಗಿ ಇವತ್ತಿಗೂ ಸ್ಪೇರ್ ಪಾರ್ಟ್ ಅಂದ್ರೆ ಹುಡುಕಾಟವೇ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಬಿಡಿ, ಮಂಗಳೂರಲ್ಲೂ ನಾನು ಕೇಳಿದ ಅಂಗಡಿಗಳಲ್ಲಿ ಟ್ಯಾಂಡಮ್ ವಯರ್ ಇರ್ಲಿಲ್ಲ, ಕೊನೆಗೆ ಆನ್‌ಲೈನಲ್ಲೇ ತರಿಸಿದ್ದು.

ಸಾಮಾನ್ಯ ಸೈಕಲ್ಲಿನ ಗೇರ್ ವಯರ್ ಹೆಚ್ಚಾಗಿ 2100 ಮಿ.ಮೀ. ಇರ್ತದೆ. ನನ್ನ ಟ್ರೈಕಿನಲ್ಲಿ ಹಿಡಿ ಇರುವುದು ಸೀಟಿನ ಎರಡೂ ಪಕ್ಕದಲ್ಲಿ, ಶಿಫ್ಟರ್ (ಗೇರ್ ಬದಲಿಸುವ ಲಿವರ್) ಅದರ ತುದಿಯಲ್ಲಿ, ವಯರ್ ಅಲ್ಲಿಂದ ಕೆಳಗೆ ಇಳಿದು ಸೀಟಿನ ಅಡಿಯಾಗಿ ಹಿಂದಿನ ಡಿರೇಲರಿಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹೋಗ್ಬೇಕು, ಅಷ್ಟು ದೂರಕ್ಕೆ 2100 ಎಟುಕುದಿಲ್ಲ. ಕೆಲವು ಟ್ರೈಕಿಗೆ ಎಟುಕ್ಲೂಬಹುದು, ಹಳೆ ವಯರ್ ಬಿಚ್ಚಿ ಅಳೆದು ನೋಡಿಯೇ ತರಿಸಿ.

ಇಲ್ಲಿನ ಒಂದು ಸೈಕಲ್ ಶಾಪಿನಲ್ಲಿ ಕೇಳಿದಾಗ ಅವರು, "ಅಣ್ಣಾ, ಎರಡು ವಯರ್ ಜೋಡ್ಸಿ ಕೊಡ್ತೇನೆ, ಎಂತ ತೊಂದರೆ ಇಲ್ಲ" ಅಂದ್ರು. ಪ್ರೀತಿಯಿಂದ್ಲೇ ಹೇಳಿದ್ದು, ಆದ್ರೆ ಜೋಡಿಸಿದ ಗಂಟು ಔಟರಿನ ಒಳಗೆ ಹೋಗುದಿಲ್ಲ, ವಯರ್ ಬರಿದಾಗಿ ಹೊರಗೆ ಓಡುವ ಜಾಗದಲ್ಲಿ ಮಾತ್ರ ಜಾಯಿಂಟರ್ ಹಾಕ್ಬಹುದು. ನನ್ನದ್ರಲ್ಲಿ ಈ ತುದಿಯಿಂದ ಆ ತುದಿವರೆಗೆ ಪೂರ್ತಿ ಔಟರೇ.

ಈಗ ಔಟರ್ ವಿಷಯ. ಗೇರಿನ ವಯರ್ ಒಳಗಿಂದ ಎಳೆಯುವಾಗ ಅಷ್ಟೇ ಬಲದಲ್ಲಿ ಔಟರ್ ಒತ್ತಿ ಹಿಡೀಬೇಕು, 1896ರಲ್ಲಿ ಬೌಡನ್ ಅನ್ನುವವರು ಇಂಥ ವಯರಿಗೆ ಪೇಟೆಂಟ್ ಪಡೆದ ಕಾಲದಿಂದ ಇದರ ಲೆಕ್ಕ ಹೀಗೇ. ಶಿಮಾನೋ ಕಂಪನಿಯ 9 ಸ್ಪೀಡ್ (ಹಿಂದೆ 9 ಹಲ್ಲುಚಕ್ರ ಇರುವ) ಗೇರಿನಲ್ಲಿ ಒಂದು ಕ್ಲಿಕ್ಕಿಗೆ ವಯರ್ ಸರಿಯುದು ಸುಮಾರು 2.5 ಮಿ.ಮೀ. ಅಷ್ಟೇ. ಅದರಲ್ಲಿ ಅರ್ಧ ಮಿ.ಮೀ. ಔಟರ್ ಕುಗ್ಗುದ್ರಲ್ಲಿ ಹೋದ್ರೆ ಚೈನ್ ಎರಡು ಹಲ್ಲುಚಕ್ರದ ನಡುವೆ ಕರಕರ ಅಂತ ನಿಲ್ತದೆ. ಬ್ರೇಕಿನ ಔಟರಿನಲ್ಲಿ ತಂತಿ ಸ್ಪ್ರಿಂಗಿನ ಹಾಗೆ ಸುತ್ತಿರ್ತದೆ, ಒತ್ತಿದ್ರೆ ಸ್ವಲ್ಪ ಕುಗ್ತದೆ, ಗೇರ್ ಔಟರಿನಲ್ಲಿ ತಂತಿಗಳು ಉದ್ದಕ್ಕೆ ಇರ್ತವೆ, ಕುಗ್ಗುದಿಲ್ಲ. ಹಾಗಂತ ಗೇರ್ ಔಟರನ್ನು ಬ್ರೇಕಿಗೆ ಮಾತ್ರ ಹಾಕ್ಬೇಡಿ, ಜೋರು ಬ್ರೇಕ್ ಹಿಡಿದಾಗ ಸೀಳಿ ಹೋಗ್ಬಹುದು, ಚೆರ್ಕಳ ಕಡೆಯ ಇಳಿಜಾರಿನಲ್ಲಿ ಹಾಗಾದ್ರೆ ಜೀವಕ್ಕೇ ಅಪಾಯ.

ಇನ್ನೊಂದು, ವಯರ್ ಉದ್ದ ಆದ್ರೆ ಬಿಗಿ ಆಗ್ತದೆ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಉಜ್ಜಾಟ ಮುಖ್ಯವಾಗಿ ಹೆಚ್ಚುದು ತಿರುವಿನಿಂದ, ಒಟ್ಟು ಎಷ್ಟು ಡಿಗ್ರಿ ತಿರುಗಿದೆ ಅನ್ನುದ್ರಿಂದ. ಟ್ರೈಕಿನಲ್ಲಿ ಹಿಡಿಯ ಹತ್ತಿರ ಒಂದು ತಿರುವು, ಸೀಟಿನ ಅಡಿಯಲ್ಲಿ ಒಂದು, ಹಿಂದೆ ಡಿರೇಲರಿಗೆ ಹೊಕ್ಕುವಲ್ಲಿ ದೊಡ್ಡ ಬಳೆ. ಹಾಗಾಗಿ ಔಟರ್ ಹಾಕುವಾಗ ಇಡೀ ದಾರಿ ಒಮ್ಮೆ ಕೈಯಲ್ಲಿ ಹಿಡ್ಕೊಂಡು ನೋಡ್ಬೇಕು, ಬೇಡದ ಬಳುಕು ಎಲ್ಲಿಂದ ತೆಗೀಬಹುದು ಅಂತ. ನಾನು ಸೀಟಿನ ಅಡಿಯ ಎರಡು ಟೈ ಕತ್ತರಿಸಿ ಔಟರ್ ಸ್ವಲ್ಪ ಹೊರಗಿನಿಂದ ತಂದೆ, ಅಷ್ಟರಲ್ಲೇ ಲಿವರ್ ಹಗುರ ಆಯ್ತು.

ಬಿಚ್ಚುದು ಸುಲಭ. ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ, ಆಗ ವಯರ್ ಸಡಿಲ ಇರ್ತದೆ, 5 ಮಿ.ಮೀ. ಅಲನ್ ಕೀಯಲ್ಲಿ ಡಿರೇಲರಿನ ಬೋಲ್ಟ್ ಬಿಡಿ, ವಯರಿನ ಕೆದರಿದ ತುದಿ ಕತ್ತರಿಸಿ ಶಿಫ್ಟರ್ ಕಡೆಯಿಂದ ಎಳೀರಿ, ತಲೆ ಅಲ್ಲೇ ಹೊರಗೆ ಬರ್ತದೆ. ಡಿರೇಲರ್ ಎರಡೂ ಕಡೆ ಎಷ್ಟು ಸರಿಯಬಹುದು ಅಂತ ಮಿತಿ ಇಡುವ ಎಚ್ ಮತ್ತೆ ಎಲ್ ಸ್ಕ್ರೂಗೆ ಕೈ ಹಾಕ್ಬೇಡಿ, ವಯರ್ ಬದಲಿಸ್ಲಿಕ್ಕೆ ಅವು ಬೇಡವೇ ಬೇಡ. ಹಳೇ ಔಟರನ್ನು ಜಗಲಿಯಲ್ಲಿ ಉದ್ದಕ್ಕೆ ಇಟ್ಟು ಹೊಸದನ್ನು ಪಕ್ಕದಲ್ಲೇ ಇಟ್ಟು ಅಳತೆ ಮಾಡಿದ್ರೆ ಟೇಪೂ ಬೇಡ.

ಕತ್ತರಿಸುವಲ್ಲಿ ಮಾತ್ರ ನಿಧಾನ ಬೇಕು. ಸಾಮಾನ್ಯ ಕಟ್ಟಿಂಗ್ ಪ್ಲಯರ್ ಔಟರನ್ನು ಜಜ್ಜುತ್ತದೆ, ತುದಿ ಚಪ್ಪಟೆ ಆಗಿ ಒಳಗಿನ ಪ್ಲಾಸ್ಟಿಕ್ ಕೊಳವೆ ಮುಚ್ಚಿಹೋಗ್ತದೆ. ಕೇಬಲ್ ಕಟ್ಟರಿನ ಬಾಯಿ ವಯರನ್ನು ಸುತ್ತ ಹಿಡಿದು ಕತ್ತರಿಸ್ತದೆ, ತುದಿ ದುಂಡಗೆ ಇರ್ತದೆ. ನಾನು ತರಿಸಿದ ಕಟ್ಟರ್ ತುಟ್ಟಿಯೇ, ವಯರಿಗಿಂತ ಎಷ್ಟೋ ಪಟ್ಟು, ಆದ್ರೂ ಈ ಪಟ್ಟಿಯಲ್ಲಿ ಯಾವುದನ್ನು ಬಿಡ್ಬಾರ್ದು ಅಂತ ಕೇಳಿದ್ರೆ ಇದನ್ನೇ ಹೇಳ್ತೇನೆ. ಕತ್ತರಿಸಿದ ಮೇಲೆ ತುದಿಯನ್ನು ಅರದಲ್ಲಿ ಸಮ ಮಾಡಿ, ದಬ್ಬಣ ಹಾಕಿ ಒಳಗಿನ ಕೊಳವೆಯ ಬಾಯಿ ಬಿಡಿಸಿ, ಆಮೇಲೆ ಕ್ಯಾಪ್ ಹಾಕಿ. ಗೋಣಿ ಹೊಲಿಯುವ ದಬ್ಬಣ ನಮ್ಮ ಅಡಿಕೆ ತೋಟದ ಮನೆಗಳಲ್ಲಿ ಇದ್ದೇ ಇರ್ತದೆ, ಈ ಕೆಲಸಕ್ಕೆ ಅದು ಭಾರೀ ಒಳ್ಳೇದು.

ವಯರ್ ತೂರಿಸಿ ಎಳೆದು ಕಟ್ಟುವ ಮೊದಲು ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ, ಔಟರ್ ಎಲ್ಲಾದ್ರೂ ಜಗ್ಗಿದ್ರೆ ಗಾಡಿ ತಿರುಗಿಸುವಾಗ ಗೇರ್ ತಾನಾಗಿ ಬದಲಾಗ್ತದೆ. ಬ್ಯಾರೆಲ್ ಅಡ್ಜಸ್ಟರ್ (ವಯರಿನ ಬಿಗಿ ಹೊಂದಿಸುವ ತಿರುಪು) ಪೂರ್ತಿ ಒಳಗೆ ತಿರುಗಿಸಿ ಒಂದು ಸುತ್ತು ಹಿಂದೆ ಬಿಟ್ಟು ಬೋಲ್ಟ್ ಬಿಗಿಸಿ, ಆಮೇಲೆ ಗೇರ್ ಮೇಲೆ ಹತ್ತದಿದ್ರೆ ಅಡ್ಜಸ್ಟರ್ ಸ್ವಲ್ಪ ಸ್ವಲ್ಪ ಹೊರಗೆ. ಹೊಸ ವಯರ್ ಕೆಲವು ದಿನದಲ್ಲಿ ಸಡಿಲ ಆದ ಹಾಗೆ ಅನ್ನಿಸ್ತದೆ, ಔಟರಿನ ತುದಿಗಳು ಕ್ಯಾಪಿನಲ್ಲಿ ಕೂರುವುದೇ ಅದಕ್ಕೆ ಕಾರಣ, ಇನ್ನೊಮ್ಮೆ ಅಡ್ಜಸ್ಟರ್ ತಿರುಗಿಸಿದ್ರೆ ಮುಗೀತು.

ಮಳೆಗಾಲದ ಕತೆ. ಇಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ರಸ್ತೆಯ ಅಂಚಿನಲ್ಲೆಲ್ಲ ಕೆಂಪು ಮಣ್ಣಿನ ಕೆಸರು. ನನ್ನ ಟ್ರೈಕಿನ ಹಿಂದಿನ ಚಕ್ರ 20 ಇಂಚಿನದ್ದು, ಡಿರೇಲರ್ ನೆಲಕ್ಕೆ ತುಂಬಾ ಹತ್ತಿರ, ಕೆಸರು ನೇರ ಅಲ್ಲಿಗೇ ಸಿಡೀತದೆ. ಹಿಂದೆ ಇದ್ದ ಸತುವಿನ ಲೇಪದ ವಯರ್, ಲೋಕಲ್ ಅಂಗಡಿಯದ್ದು, ಮಳೆಗಾಲ ಮುಗಿಯುವ ಮೊದಲೇ ಆ ಕೊನೆಯ ಬಳೆಯಲ್ಲಿ ತುಕ್ಕು ಹಿಡಿದು ಎಳೆ ಎಳೆ ಬಿಟ್ಟಿತ್ತು. ಬಿಗಿ ಆದದ್ದು ಮೊದಲು ಗೊತ್ತಾಗುದು ಎಲ್ಲಿ ಅಂದ್ರೆ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸುವಾಗ, ಯಾಕಂದ್ರೆ ಆಗ ವಯರನ್ನು ವಾಪಸ್ ಎಳೆಯುದು ಡಿರೇಲರಿನ ಸ್ಪ್ರಿಂಗ್ ಮಾತ್ರ, ಲಿವರಿನ ಬಲ ಇಲ್ಲ. ಲಿವರ್ ಬಿಟ್ಟ ಮೇಲೂ ಚೈನ್ ಯೋಚನೆ ಮಾಡ್ತಾ ನಿಂತ್ರೆ ಔಟರ್ ಒಳಗೆ ಮಣ್ಣು ಹೋಗಿದೆ ಅಂತಲೇ ತಿಳ್ಕೊಳ್ಳಿ. ಈ ಸ್ಟೇನ್‌ಲೆಸ್ ವಯರ್ ಮಳೆಗಾಲ ಮುಗಿದ ಮೇಲೆ ಹೊರಗೆ ಎಳೆದು ನೋಡಿದ್ರೆ ಹೊಳಪು ಹಾಗೇ ಉಂಟು, ಇಳಿಸುವ ಗೇರ್ ಮೊದಲ ದಿನದ ಹಾಗೇ ಬೀಳ್ತದೆ. ಸೀಲ್ ಇರುವ ಕ್ಯಾಪಿನ ಒಳಗೂ ಮಣ್ಣು ಇರ್ಲಿಲ್ಲ.

ತೋಟದವರಿಗೆ ಒಂದು ಮಾತು, ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಸಮಯದಲ್ಲಿ ಟ್ರೈಕನ್ನು ಮದ್ದು ಕಲಸುವ ಶೆಡ್ಡಿನಲ್ಲಿ ನಿಲ್ಲಿಸ್ಬೇಡಿ. ಆ ಮದ್ದಿಗೆ ಹಾಕುವ ಮೈಲುತುತ್ತಿನ ನೀರು ಸತುವನ್ನು ತಿಂದು ಹಾಕ್ತದೆ, ವಯರ್ ಸ್ಟೇನ್‌ಲೆಸ್ ಆದ್ರೂ ಟ್ರೈಕಿನಲ್ಲಿ ಲೇಪದ ನಟ್ಟು ಬೋಲ್ಟು ಬೇಕಾದಷ್ಟು ಇರ್ತದೆ.

ಬೇಸರ ಆದದ್ದು ಮಾರಿದವರ ವಿಷಯದಲ್ಲಿ. ಔಟರ್ ಮೀಟರ್ ಲೆಕ್ಕದಲ್ಲಿ ಕೇಳಿದ್ದಕ್ಕೆ ಸಣ್ಣ ಪೆಟ್ಟಿಗೆಯಲ್ಲಿ ಮಡಚಿ ತುರುಕಿ ಕಳಿಸಿದ್ರು, ಒಂದು ಜಾಗದಲ್ಲಿ ಮುರಿದು ಮಡಿಕೆ ಬಿದ್ದಿತ್ತು. ಮಡಿಕೆ ಬಿದ್ದ ಔಟರ್ ನೆಟ್ಟಗೆ ಮಾಡಿದ್ರೂ ಒಳಗಿನ ಕೊಳವೆ ಹಾಳಾಗಿರ್ತದೆ, ಅಷ್ಟು ಭಾಗ ಕತ್ತರಿಸಿ ಬಿಸಾಡ್ಬೇಕಾಯ್ತು. ಫೋನ್ ಮಾಡಿದ್ರೆ "ಸಾರ್, ಕೊರಿಯರ್‌ನವ್ರದ್ದು" ಅಂತ ಜಾರ್ಕೊಂಡ್ರು. ಹಾಗಾಗಿ ತರಿಸುವಾಗ ದೊಡ್ಡ ಸುರುಳಿಯಾಗಿ ಸುತ್ತಿ ಕಳಿಸ್ಲಿಕ್ಕೆ ಮೊದಲೇ ಹೇಳಿ, ಬೇಕಾದ್ದಕ್ಕಿಂತ ಅರ್ಧ ಮೀಟರ್ ಹೆಚ್ಚೇ ತೆಗೀರಿ.

ವಯರಿಗೆ ಐದಕ್ಕೆ ಐದು, ಔಟರಿಗೂ ಸೀಲ್ ಕ್ಯಾಪಿಗೂ ಹಾಗೇ, ಕಟ್ಟರಿಗೆ ಬೆಲೆಯ ದೆಸೆಯಿಂದ ನಾಲ್ಕು, ಪ್ಯಾಕಿಂಗಿಗೆ ಒಂದು. ಮುಂದಿನ ಡಿರೇಲರಿಗೂ ಇದೇ ವಯರ್ ತರಿಸ್ತಾ ಇದ್ದೇನೆ. ಅದಕ್ಕೆ ತರಿಸುವವರು ಬೂಮ್ (ಪೆಡಲ್ ಇರುವ ಮುಂದಿನ ಕೊಳವೆ) ಲೆಕ್ಕ ಇಟ್ಕೊಳ್ಳಿ, ಮನೆಯಲ್ಲಿ ಕಾಲು ಉದ್ದ ಇದ್ದವರು ಯಾರಾದ್ರೂ ಓಡ್ಸುದಿದ್ರೆ ಬೂಮನ್ನು ಅವರ ಅಳತೆಗೆ ಮುಂದೆ ಎಳೆದು ಇಟ್ಟೇ ಔಟರ್ ಕತ್ತರಿಸಿ.